ಚುಕ್ಕೆ ಬಾಸ್‌ನ ನಾಲಿಗೆ

ಮೀನಿನ ಬಾಯಿಗೆ ನಾನು ಮೊದಲ ಸಲ ಬರಿಯ ಹೆಬ್ಬೆರಳು ಹಾಕಿದ್ದು ನನ್ನ ನಲವತ್ತೇಳನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ನಾಲ್ಕು ತಿಂಗಳ ಕಾಲ ಮೀನಿನ ಬಾಯಿ ಬಿಡಿಸಿ ನೋಡುವುದೇ ನನ್ನ ಕೆಲಸವಾಗಿತ್ತು. ಮೊಮ್ಮಕ್ಕಳೇ, ಈ ಎರಡು ಮಾತೂ ಹೇಗೆ ನಿಜ ಎಂದು ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಮ್ಮ ಈಗ ಇದನ್ನು ನಗುತ್ತಾ ಹೇಳುತ್ತಾಳೆ. ಆಗ ನಾವಿಬ್ಬರೂ ನಕ್ಕಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಫೆಬ್ರವರಿ. ನಿಮ್ಮ ತಾತ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಕೆರೋಲೈನಾದಲ್ಲಿ ಲ್ಯಾಬುಗಳೇ ತುಂಬಿದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಅಂಚಿನಲ್ಲಿ, ಪೈನ್ ಮರಗಳ ಹಿಂದೆ, ಕೆರೆ ನದಿಗಳ ಮೀನನ್ನು ಪರೀಕ್ಷಿಸುವ ಸಣ್ಣದೊಂದು ಲ್ಯಾಬ್ ಇತ್ತು. ಅದನ್ನು ನಡೆಸುತ್ತಿದ್ದವರು ಮೈಸೂರಿನ ಕಡೆಯವರು, ಬಹಳ ಹಿಂದೆಯೇ ಈ ದೇಶಕ್ಕೆ ಬಂದು ನೆಲೆಸಿದ ವಿಜ್ಞಾನಿ, ತಾತನ ಸ್ನೇಹಿತರು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಏಳನೇ ಕ್ಲಾಸು ಓದಿದ ನನ್ನನ್ನು ಅವರು ತಾತನ ಮುಖ ನೋಡಿ ಕೆಲಸಕ್ಕೆ ಸೇರಿಸಿಕೊಂಡಿದ್ದರು. ನಿಮ್ಮಮ್ಮನಿಗೆ ಹದಿನೇಳು, ಹೈಸ್ಕೂಲಿನ ಕೊನೆಯ ವರ್ಷ. ಜೂನ್‌ವರೆಗೆ ಈ ಕೆಲಸ ಉಳಿದರೆ ಅವಳು ತನ್ನ ಸ್ಕೂಲಿನಲ್ಲೇ ಓದು ಮುಗಿಸುತ್ತಾಳೆ. ಹೋದರೆ ಮನೆ ಬಿಟ್ಟು ದೂರದ ಸೆಂಟರ್‌ವಿಲ್‌ನಲ್ಲಿದ್ದ ನನ್ನ ಮೈದುನನ ಮನೆಗೆ ಹೋಗಬೇಕು. ಆತ ಒಳ್ಳೆಯವನು. ನೆಲಮಾಳಿಗೆಯ ಕೋಣೆಗೆ ಹೊಸ ಕಾರ್ಪೆಟ್ಟು ಹಾಕಿಸಿ ಕಾಯುತ್ತಿದ್ದ. ಒಳ್ಳೆಯವನಾದ್ದರಿಂದಲೇ ಅವನಿಗೆ ಬೇಡ ಎನ್ನುವುದು ಕಷ್ಟವಾಗಿತ್ತು.

ಕೆಲಸ ಹೀಗಿತ್ತು. ಕೆರೋಲೈನಾದ ಒಂದು ದೊಡ್ಡ ಜಲಾಶಯದಿಂದ ಹಿಡಿದ ಬಾಸ್ ಮೀನುಗಳು ಒಂದೊಂದೂ ನಂಬರಿನ ಚೀಟಿಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಫ್ರೀಜರಿನಲ್ಲಿರುತ್ತಿದ್ದವು. ಅವನ್ನು ತಣ್ಣೀರಿನಲ್ಲಿ ಕರಗಿಸಿ, ಅಳೆದು, ತೂಗಿ, ಎರಡು ಜಾತಿಯಲ್ಲಿ ಯಾವುದು ಎಂದು ಶೀಟಿನಲ್ಲಿ ಗುರುತು ಮಾಡಬೇಕು. ಒಂದು ಲಾರ್ಜ್‌ಮೌತ್, ಇನ್ನೊಂದು ಸ್ಪಾಟೆಡ್. ನನ್ನ ಲೆಕ್ಕದಲ್ಲಿ ಒಂದು ದೊಡ್ಡಬಾಯಿ, ಒಂದು ಚುಕ್ಕೆ. ಗಾಳ ಹಾಕುವವರಿಗೆ ಎರಡೂ ಇಷ್ಟವೇ, ಆದರೆ ದೊಡ್ಡಬಾಯಿ ಹೆಚ್ಚು ತೂಕಕ್ಕೆ ಬೆಳೆಯುತ್ತದೆ. ಯಾರೋ ಬೇರೆ ಕಡೆಯಿಂದ ಚುಕ್ಕೆಯನ್ನು ತಂದು ಆ ಜಲಾಶಯಕ್ಕೆ ಬಿಟ್ಟಿದ್ದರು. ಅದು ದೊಡ್ಡಬಾಯಿಯ ಜಾಗ ಹಿಡಿಯುತ್ತಿದೆಯೇ ಇಲ್ಲವೇ ಎನ್ನುವುದು ಪ್ರಶ್ನೆ. ಲ್ಯಾಬಿಗೆ ಈ ಕೆಲಸ ಕೊಟ್ಟಿದ್ದ ಸರ್ಕಾರದವರಿಗೆ ಅದರ ಉತ್ತರವನ್ನು ಸರ್ ಅಟ್ಲಾಂಟಾದ ಒಂದು ಸಭೆಯಲ್ಲಿ ಹೇಳಬೇಕಿತ್ತು.

ದೊಡ್ಡ ಮೀನಾದರೆ ತೊಂದರೆಯಿಲ್ಲ. ದೊಡ್ಡಬಾಯಿಯ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ, ಚುಕ್ಕೆಯದು ಕಣ್ಣಿನ ಕೆಳಗೇ ನಿಲ್ಲುತ್ತದೆ. ದೊಡ್ಡಬಾಯಿಯ ಬೆನ್ನಿನ ರೆಕ್ಕೆ ನಡುವೆ ಆಳವಾಗಿ ಕತ್ತರಿಸಿದಂತಿದ್ದು ಎರಡು ರೆಕ್ಕೆಯಂತೆ ಕಾಣುತ್ತದೆ, ಚುಕ್ಕೆಯದು ಒಂದೇ ಆಗಿ ಇಳಿದು ಏರುತ್ತದೆ. ಚುಕ್ಕೆಯ ಹೊಟ್ಟೆಯ ಮೇಲೆ ಸಾಲು ಸಾಲು ಸಣ್ಣ ಕಲೆಗಳಿರುತ್ತವೆ. ಗೇಣುದ್ದದ ಮರಿಗಳಲ್ಲಿ ಮಾತ್ರ ಇವು ಯಾವುವೂ ಸರಿಯಾಗಿ ಸಿಗುವುದಿಲ್ಲ. ದವಡೆ ಇನ್ನೂ ಬೆಳೆದಿರುವುದಿಲ್ಲ, ಫ್ರೀಜರಿನಲ್ಲಿ ಕಲೆಗಳು ಮಾಸುತ್ತವೆ, ರೆಕ್ಕೆ ಮುದುಡಿರುತ್ತದೆ. ಆಗ ನೋಡಬೇಕಾದದ್ದು ನಾಲಿಗೆ. ಚುಕ್ಕೆಯ ನಾಲಿಗೆಯ ನಡುವೆ ಸಣ್ಣ ಹಲ್ಲುಗಳ ಒಂದು ಒರಟು ಪಟ್ಟಿ ಇರುತ್ತದೆ. ದೊಡ್ಡಬಾಯಿಯ ನಾಲಿಗೆ ಸಾಮಾನ್ಯವಾಗಿ ನುಣುಪು. ಅದು ಕಣ್ಣಿಗೆ ಕಾಣುವಂಥದ್ದಲ್ಲ, ಸವರಿ ತಿಳಿಯಬೇಕು.

ಮೊದಲ ದಿನ ಸರ್ ಹೆಬ್ಬೆರಳು ಹಾಕಿ ತೋರಿಸಿದ್ದರು. ನಾನು ಆ ಹೊತ್ತಿಗೆ ಮುಖ ತಿರುಗಿಸಿದ್ದೆ. ನಮ್ಮ ಮನೆಯೊಳಗೆ ಮೀನು ಬಂದದ್ದೇ ಇಲ್ಲ. ನಾನು ತೆಳುವಾದ ಗ್ಲೌಸು ಹಾಕಿ, ಅದರ ಮೇಲೆ ಪಾತ್ರೆ ತೊಳೆಯುವ ದಪ್ಪ ರಬ್ಬರಿನದನ್ನು ಹಾಕುತ್ತಿದ್ದೆ. ಸಂಜೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡ ಮೇಲೆಯೇ ದೀಪ ಹಚ್ಚುತ್ತಿದ್ದೆ, ಅನ್ನಕ್ಕೆ ಇಡುತ್ತಿದ್ದೆ. ಹಿಂಬದಿಯ ಸಿಂಕಿನ ಹತ್ತಿರ ಒಬ್ಬಳೇ ಕೂತು ಮಾಡುವ ಕೆಲಸವಾದ್ದರಿಂದ ಯಾರೂ ಕೇಳಲಿಲ್ಲ. ದೊಡ್ಡ ಚುಕ್ಕೆಗಳ ನಾಲಿಗೆ ಎರಡು ಪದರದ ರಬ್ಬರಿನ ಮೂಲಕವೂ ಒರಟಾಗಿ ತಾಕುತ್ತಿತ್ತು. ಹಾಗಾಗಿ ನನಗೆ ತಿಳಿಯುತ್ತಿದೆ ಎಂದೇ ನಂಬಿದ್ದೆ.

ಬುಧವಾರ ದೋಣಿಯವನು ಬಂದ. ಜಲಾಶಯದಲ್ಲಿ ನೀರಿಗೆ ಕರೆಂಟು ಬಿಟ್ಟು ಮೀನುಗಳಿಗೆ ಮಂಕು ಕವಿಸಿ ಬಲೆಯಲ್ಲಿ ಎತ್ತುವುದು ಆತನ ಕೆಲಸ. ಸೌತ್ ಕೆರೋಲೈನಾದವನು, ಅರವತ್ತರ ಹತ್ತಿರ, ನಿಧಾನವಾಗಿ ಎಳೆದು ಮಾತಾಡುವವನು. ಅವನ ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯುತ್ತಿತ್ತು, ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ. ತನ್ನ ಐಸ್ ಪೆಟ್ಟಿಗೆಗಳನ್ನು ಒಯ್ಯಲು ಬಂದವನು ನನ್ನ ಟ್ರೇ ಮುಂದೆ ನಿಂತ.

"ಹೇಗಿದೀರಾ ಮ್ಯಾಮ್? ಇವತ್ತಾದ್ರೂ ಒಂದು ತುಂಡು ರುಚಿ ನೋಡಿದ್ರಾ?"

"ಇಲ್ಲ."

"ತಿನ್ನದೇ ಇರೋರು ಜಾತಿ ಹೇಳೋದು, ತಿನ್ನೋ ನಾವು ಕೇಳೋದು. ಚೆನ್ನಾಗಿದೆ ನಮ್ಮ ಸರ್ಕಾರ."

ಹೀಗೆ ಅನ್ನುತ್ತಾ ಟ್ರೇಯಿಂದ ಒಂದು ಮರಿಯನ್ನು ಕೆಳತುಟಿ ಹಿಡಿದು ಎತ್ತಿದ. ಗಾಳ ಹಾಕುವವರು ಬಾಸ್ ಹಿಡಿಯುವುದೇ ಹಾಗೆ, ಹೆಬ್ಬೆರಳು ಬಾಯೊಳಗೆ, ತೋರುಬೆರಳು ಗದ್ದದ ಕೆಳಗೆ. ಅವನ ಬೆರಳು ಒಳಗೆ ಒಮ್ಮೆ ಸರಿದಾಡಿತು.

"ಇದನ್ನ ಲಾರ್ಜ್‌ಮೌತ್ ಕಡೆ ಯಾಕೆ ಇಟ್ಟಿದೀರಿ? ಇದು ಸ್ಪಾಟು."

"ನಾಲಿಗೆ ನುಣುಪಿದೆ," ಎಂದೆ.

"ನುಣುಪಾ? ಬೆಕ್ಕು ನೆಕ್ಕಿದ ಹಾಗಿದೆ." ಅವನ ಕಣ್ಣು ನನ್ನ ಕೈ ಮೇಲೆ ಬಿತ್ತು. "ಅದನ್ನ ಹಾಕ್ಕೊಂಡು ಮುಟ್ಟಿದ್ರೆ ಮೊಸಳೆ ನಾಲಿಗೇನೂ ನುಣುಪೇ ಮ್ಯಾಮ್."

ಅವನು ತಮಾಷೆಗೆ ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೋದ.

ಗುರುವಾರ ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಹಳೆಯ ಹತ್ತು ಮರಿಗಳನ್ನು ಕರಗಿಸಿದೆ. ಎಲ್ಲವೂ ನಾನು ದೊಡ್ಡಬಾಯಿ ಎಂದು ಬರೆದವು. ಎರಡೂ ಗ್ಲೌಸು ತೆಗೆದೆ. ಕೈ ಒರೆಸಿಕೊಂಡೆ. ಮೊದಲನೆಯದರ ಬಾಯಿ ಬಿಡಿಸಿ, ಮುಖ ತಿರುಗಿಸಿಕೊಂಡು ಹೆಬ್ಬೆರಳಿಟ್ಟೆ. ನಾಲಿಗೆ ನುಣುಪೇ ಇತ್ತು, ಸಮಾಧಾನವಾಯಿತು. ಎರಡನೆಯದೂ ನುಣುಪು. ಮೂರನೆಯದು ಒರಟು. ಹತ್ತು ಮುಗಿಯುವಾಗ ನಾಲ್ಕು ಒರಟಾಗಿದ್ದವು.

ಶೀಟಿನಲ್ಲಿ ಇಂಥ ಮರಿಗಳು ನೂರೈವತ್ತರ ಹತ್ತಿರ ಇದ್ದವು. ಚುಕ್ಕೆ ಬಹಳ ಕಡಿಮೆ ಎಂದು ನನ್ನ ಶೀಟು ಹೇಳುತ್ತಿತ್ತು. ಸರ್ ಆ ಅಂಕಿಗಳನ್ನು ಆಗಲೇ ಸ್ಲೈಡಿಗೆ ಹಾಕಿಸಿದ್ದರು. ಮುಂದಿನ ಬುಧವಾರ ಬೆಳಿಗ್ಗೆ ಅವರ ವಿಮಾನ, ಗುರುವಾರ ಸಭೆ.

ಶುಕ್ರವಾರ ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋದೆ. ಮೊದಲ ಸಲ ಫೋನಿನಲ್ಲಿದ್ದರು. ಎರಡನೇ ಸಲ ತಲೆ ಎತ್ತಿ, "ಏನು ಇವ್ರೇ, ಏನಾದ್ರೂ ಬೇಕಿತ್ತಾ?" ಎಂದರು. "ಪೇಪರ್ ಟವೆಲ್ ಖಾಲಿಯಾಗಿದೆ ಸರ್" ಎಂದು ಹೇಳಿ ಬಂದೆ. ಟವೆಲಿನ ಮೂರು ಉರುಳೆಗಳು ನನ್ನ ಸಿಂಕಿನ ಕೆಳಗೇ ಇದ್ದವು.

ಆ ಶನಿವಾರ ಭಾನುವಾರ ನನಗೆ ಊಟ ಸೇರಲಿಲ್ಲ. ಹೇಳದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ದೋಣಿಯವನು ಯಾರಿಗಾದರೂ ನಗುತ್ತಾ ಹೇಳಿಬಿಟ್ಟರೆ ಎಂದು ಮರುಗಳಿಗೆ ಅನ್ನಿಸುತ್ತಿತ್ತು. ಹತ್ತರಲ್ಲಿ ನಾಲ್ಕು ಅಕಸ್ಮಾತ್ ಇರಬಹುದು, ಉಳಿದವು ಸರಿ ಇರಬಹುದು ಎಂದೂ ಲೆಕ್ಕ ಹಾಕಿದೆ. ಭಾನುವಾರ ಮೈದುನ ಫೋನು ಮಾಡಿದ.

"ಅತ್ತಿಗೆ, ಯೋಚ್ನೆ ಮಾಡಿದ್ರಾ? ಮಾರ್ಚ್‌ನಲ್ಲಿ ನಂಗೆ ಒಂದು ವಾರ ರಜ ಇದೆ. ಟ್ರಕ್ ತಗೊಂಡು ನಾನೇ ಡ್ರೈವ್ ಮಾಡ್ಕೊಂಡ್ ಬರ್ತೀನಿ."

"ಮಗು ಸ್ಕೂಲು ಇದೆಯಲ್ಲಪ್ಪ."

"ಇಲ್ಲೂ ಸ್ಕೂಲಿದೆ ಅತ್ತಿಗೆ. ಆ ಮೀನಿನ ವಾಸ್ನೇಲಿ ಎಷ್ಟು ದಿನ ಅಂತ ಇರ್ತೀರಿ? ಅಣ್ಣ ಇದ್ದಿದ್ರೆ ಒಪ್ತಿದ್ನಾ?"

ನಿಮ್ಮಮ್ಮ ಅಡುಗೆ ಮನೆಯ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಫೋನಿಟ್ಟ ಮೇಲೆ, "ವಾಟ್ ಹ್ಯಾಪನ್ಡ್ ಅಮ್ಮ? ನೀನು ಎರಡು ದಿನ ಏನೂ ತಿಂತಿಲ್ಲ" ಎಂದಳು. ಹೇಳಿದೆ. ಗ್ಲೌಸಿನ ವಿಷಯ ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

"ಜಸ್ಟ್ ಟೆಲ್ ಹಿಮ್."

"ಹೇಳಿದ್ರೆ ಕೆಲಸ ಹೋಗತ್ತೆ. ನಿನ್ನ ಸ್ಕೂಲು ಹೋಗತ್ತೆ."

ಅವಳಿಗೂ ಭಯವಿತ್ತು, ಅದು ನನಗೆ ಕಾಣುತ್ತಿತ್ತು. ಆಮೇಲೆ, "ಲ್ಯಾಬ್ ಅಂಕಲ್ ಎಲ್ಲಾರ ಮುಂದೆ ರಾಂಗ್ ನಂಬರ್ಸ್ ಓದ್ತಾರೆ. ನಿಂಗೆ ಗೊತ್ತು. ಅವರಿಗೆ ಗೊತ್ತಿಲ್ಲ. ದಟ್ಸ್ ನಾಟ್ ಫೇರ್" ಎಂದಳು. ನನ್ನ ಎರಡು ದಿನದ ಲೆಕ್ಕಾಚಾರದಲ್ಲಿ ಸರ್ ಒಮ್ಮೆಯೂ ಬಂದಿರಲಿಲ್ಲ. ನಾನೂ ಅವಳೂ ಮಾತ್ರ ಇದ್ದೆವು.

ಸೋಮವಾರ ಅವರು ಕೋಟು ಬಿಚ್ಚುವ ಮೊದಲೇ ಹೋಗಿ ನಿಂತೆ. ಹತ್ತು ಮರಿಗಳ ಟ್ರೇ ಕೈಯಲ್ಲೇ ಇತ್ತು. ಬಾಯಿಪಾಠ ಮಾಡಿಕೊಂಡು ಹೋದ ಮಾತುಗಳೆಲ್ಲ ಮರೆತು, "ಸರ್, ನಾನು ಗ್ಲೌಸ್ ಹಾಕ್ಕೊಂಡು ನಾಲಿಗೆ ನೋಡಿದೀನಿ" ಎಂದಷ್ಟೇ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಟ್ರೇ ಮುಂದಿಟ್ಟೆ. ಒಂದೊಂದಾಗಿ ಹತ್ತನ್ನೂ ಬೆರಳಿಟ್ಟು ನೋಡಿದರು. ನಾಲ್ಕನ್ನು ಬದಿಗೆ ಸರಿಸಿದರು. ನಾನು ಸರಿಸಿದ್ದೂ ಅವೇ ನಾಲ್ಕು.

"ಎಷ್ಟು ಮೀನು ಹೀಗಾಗಿದೆ?"

"ಗೊತ್ತಿಲ್ಲ ಸರ್. ಮರಿಗಳೆಲ್ಲ ಅನುಮಾನವೇ."

"ಯಾವಾಗ ಗೊತ್ತಾಯ್ತು ನಿಮಗೆ?"

"ಗುರುವಾರ."

"ಗುರುವಾರ. ಶುಕ್ರವಾರ ಬಂದು ಪೇಪರ್ ಟವೆಲ್ ಕೇಳಿದ್ರಿ." ಅವರು ದನಿ ಏರಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಾಲ್ಕು ತಿಂಗಳ ಕೆಲಸ ಇವ್ರೇ. ನಾನೂ ಒಂದ್ಸಲ ಬಂದು ನೋಡ್ಬೇಕಿತ್ತು. ಬಿಡಿ. ನೀವು ಮನೆಗೆ ಹೋಗಿ. ಬೇರೆ ಯಾರಿಗಾದ್ರೂ ಹೇಳಿ ಮಾಡಿಸ್ತೀನಿ."

ಮನೆಗೆ ಹೋಗಿ ಎಂದರೆ ಆ ದಿನದ ಮಟ್ಟಿಗೋ ಎಂದೆಂದಿಗೂ ಎಂದೋ ನನಗೆ ತಿಳಿಯಲಿಲ್ಲ. ಬಾಗಿಲ ಕಡೆ ತಿರುಗಿದೆ ಕೂಡ. ಆದರೆ ಎರಡು ದಿನದಲ್ಲಿ ಆ ಕೆಲಸ ಮಾಡುವವರು ಲ್ಯಾಬಿನಲ್ಲಿ ಬೇರೆ ಯಾರೂ ಇಲ್ಲ ಎನ್ನುವುದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಯಾವ ಮೀನು ಯಾವ ಫ್ರೀಜರಿನ ಯಾವ ತಟ್ಟೆಯಲ್ಲಿದೆ ಎಂದು ತಿಳಿದವಳು ನಾನೊಬ್ಬಳೇ. ನನ್ನ ಜೀವನದಲ್ಲಿ ಹೊರಗಿನ ಗಂಡಸಿನ ಎದುರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

"ಬೇರೆಯವರು ಬೇಡ ಸರ್. ನಾನೇ ಮಾಡ್ತೀನಿ, ಬರಿಗೈಯಲ್ಲಿ. ಹಳೇ ಶೀಟು ನನಗೆ ತೋರಿಸ್ಬೇಡಿ, ಬೀರುವಿನಲ್ಲಿಟ್ಟು ಬೀಗ ಹಾಕಿ. ಮೊದಲು ಏನು ಬರೆದಿದ್ದೆ ಅಂತ ಗೊತ್ತಾದ್ರೆ ಬೆರಳು ಅದನ್ನೇ ಹೇಳತ್ತೆ. ನಾನು ಹೇಳ್ತೀನಿ, ಇನ್ನೊಬ್ರು ಬರ್ಕೊಳ್ಲಿ. ಮಧ್ಯ ಮಧ್ಯ ನೀವು ಕೆಲವನ್ನ ತಗೊಂಡು ನೋಡಿ. ಯಾವುದು ಅಂತ ನನಗೆ ಹೇಳ್ಬೇಡಿ. ತಪ್ಪಿದ್ರೆ ಆಗ ಹೋಗ್ತೀನಿ."

ಅವರು ಫೋನೆತ್ತಿ, ಬರೆದುಕೊಳ್ಳುವುದಕ್ಕೆ ದೋಣಿಯವನನ್ನು ಬರಹೇಳಿದರು.

ಮೂರು ತೊಟ್ಟಿಗಳಲ್ಲಿ ತಣ್ಣೀರು ತುಂಬಿ ಮರಿಗಳನ್ನು ಕರಗಲು ಬಿಟ್ಟೆವು. ಬಿಸಿನೀರಿಗೆ ಹಾಕಿದರೆ ನಾಲಿಗೆಯ ಚರ್ಮ ಸುಲಿಯುತ್ತದೆ, ಅವಸರ ಮಾಡುವ ಹಾಗಿಲ್ಲ. ದೋಣಿಯವನು ಹೊಸ ಶೀಟು ಹಿಡಿದು ಸ್ಟೂಲಿನ ಮೇಲೆ ಕೂತ. ಅವನು ಚೀಟಿಯ ನಂಬರು ಓದುತ್ತಾನೆ, ನಾನು ಬಾಯಿ ಬಿಡಿಸಿ ಮೂರು ಸಲ ಹಿಂದಿನಿಂದ ಮುಂದಕ್ಕೆ ಸವರಿ, ಒರಟು ಅಥವಾ ನುಣುಪು ಎನ್ನುತ್ತೇನೆ. ಅವನು ಬರೆದು, ಬರೆದದ್ದನ್ನು ತಿರುಗಿ ಓದುತ್ತಾನೆ. ಹತ್ತನೆಯ ಮೀನಿನ ಹೊತ್ತಿಗೆ ಮುಖ ತಿರುಗಿಸುವುದು ನಿಂತಿತ್ತು.

ಮೂವತ್ತರ ಹತ್ತಿರ ಎಲ್ಲವೂ ನುಣುಪಾಗತೊಡಗಿದವು. ಒಂದರ ಹಿಂದೊಂದು ಏಳು ಮೀನು ನುಣುಪು ಎಂದೆ. ದೋಣಿಯವನು ಪೆನ್ನು ಕೆಳಗಿಟ್ಟ.

"ಮ್ಯಾಮ್, ನಿಮ್ಮ ಕೈ ತೋರಿಸಿ."

ಹೆಬ್ಬೆರಳು ಬೆಳ್ಳಗೆ ಮರಗಟ್ಟಿತ್ತು. ತಣ್ಣೀರು ಮತ್ತು ಅರೆಕರಗಿದ ಮೀನಿನಿಂದ ಸ್ಪರ್ಶವೇ ಹೋಗಿತ್ತು. ಗ್ಲೌಸು ತೆಗೆದೂ ಅದೇ ತಪ್ಪನ್ನು ಮಾಡುತ್ತಿದ್ದೆ. ಆ ಏಳನ್ನೂ ಶೀಟಿನಲ್ಲಿ ಹೊಡೆದು ಹಾಕಿಸಿ, ಮತ್ತೆ ನೋಡಲು ಬದಿಗಿಟ್ಟೆ. ಪಕ್ಕದಲ್ಲಿ ಉಗುರುಬೆಚ್ಚಗಿನ ನೀರಿನ ಬೋಗುಣಿ ಇಟ್ಟುಕೊಂಡು, ಐದು ಮೀನಿಗೊಮ್ಮೆ ಕೈ ಅದ್ದಿ, ಟವೆಲಿನ ಬಟ್ಟೆಯ ನೂಲು ಬೆರಳಿಗೆ ತಿಳಿಯುತ್ತದೆಯೇ ಎಂದು ನೋಡಿ, ತಿಳಿದರೆ ಮಾತ್ರ ಮುಂದಿನದಕ್ಕೆ ಹೋಗುವುದು ಎಂದು ಮಾಡಿಕೊಂಡೆ. ಇದರಿಂದ ವೇಗ ಅರ್ಧವಾಯಿತು. ಗೋಡೆ ಗಡಿಯಾರ ನೋಡಬಾರದೆಂದು ಅದಕ್ಕೆ ಬೆನ್ನು ಹಾಕಿ ಕೂತೆ.

ಮಂಗಳವಾರ ಇನ್ನೊಂದು ತೊಡಕು. ಹರಿದ ಚೀಲಗಳಲ್ಲಿದ್ದ ಕೆಲವು ಮರಿಗಳ ನಾಲಿಗೆ ಫ್ರೀಜರಿನ ಗಾಳಿಗೆ ಒಣಗಿ ಪೂರ್ತಿ ಒರಟಾಗಿತ್ತು. ಅದು ಹಲ್ಲಿನ ಒರಟೋ ಒಣಗಿದ ಒರಟೋ ಹೇಳಲಾಗಲಿಲ್ಲ. ಒರಟು ಎಂದುಬಿಟ್ಟರೆ ಲೆಕ್ಕ ಬೇಗ ಮುಗಿಯುತ್ತಿತ್ತು. ಸರ್‌ಗೆ ಹೇಳಿದೆ. ಅವರು ಬಂದು ಒಂದರ ಹೊಟ್ಟೆ ಸೀಳಿ ಜಠರದ ತುದಿಯನ್ನು ಇಕ್ಕಳದಿಂದ ಎತ್ತಿ ತೋರಿಸಿದರು. ಅಲ್ಲಿ ಸಣ್ಣ ಬೆರಳುಗಳಂಥ ಕೊಳವೆಗಳ ಗೊಂಚಲು ಇರುತ್ತದೆ. ದೊಡ್ಡಬಾಯಿಯಲ್ಲಿ ಅವು ಬುಡದಲ್ಲಿ ಕವಲೊಡೆದಿರುತ್ತವೆ. ಚುಕ್ಕೆಯಲ್ಲಿ ಕವಲಿಲ್ಲದೆ ಒಂಟಿಯಾಗಿರುತ್ತವೆ.

"ಉಳಿದಿದ್ದನ್ನ ನೀವು ಮಾಡ್ತೀರಾ, ನಾನು ಮಾಡ್ಲಾ?" ಎಂದು ಕೇಳಿದರು. ಅವರ ಕೈಗಡಿಯಾರ ಮೂರು ಗಂಟೆ ತೋರಿಸುತ್ತಿತ್ತು, ಸ್ಲೈಡುಗಳು ಇನ್ನೂ ಆಗಬೇಕಿತ್ತು.

"ಕೊಡಿ ಸರ್," ಎಂದು ಚಾಕು ತೆಗೆದುಕೊಂಡೆ.

ಹದಿಮೂರು ಮರಿಗಳನ್ನು ಸೀಳಿದೆ. ಅವುಗಳಲ್ಲಿ ಒಂದರ ಚೀಲ ಹರಿದಿರಲಿಲ್ಲ, ನಾಲಿಗೆಯ ನಡುವೆ ಹಲ್ಲಿನ ಪಟ್ಟಿ ಸ್ಪಷ್ಟವಾಗಿಯೇ ಇತ್ತು, ದವಡೆ ಮಾತ್ರ ಅನುಮಾನ ಹುಟ್ಟಿಸಿದ್ದರಿಂದ ಅದನ್ನೂ ಸೀಳಿದ್ದೆ. ಒಳಗೆ ಕವಲು ಕಂಡಿತು. ಅಂದರೆ ನಾಲಿಗೆ ಒರಟಾದ ದೊಡ್ಡಬಾಯಿ. ಸರ್ ನೋಡಿ, "ಅಪರೂಪಕ್ಕೆ ಇರತ್ತೆ. ಒಂದೇ ಗುರುತು ನಂಬ್ಬಾರ್ದು" ಎಂದರು. ಆ ಎರಡು ದಿನಗಳಲ್ಲಿ ಅವರು ನನ್ನೊಡನೆ ಸಿಟ್ಟಿಲ್ಲದೆ ಆಡಿದ ಮೊದಲ ಮಾತು ಅದು.

ಮಧ್ಯ ಮಧ್ಯ ಅವರು ಸದ್ದಿಲ್ಲದೆ ಬಂದು ಮುಗಿದ ಟ್ರೇಗಳಿಂದ ಮೀನುಗಳನ್ನು ಒಯ್ಯುತ್ತಿದ್ದರು. ಎಷ್ಟು ಒಯ್ದರು, ಯಾವುದನ್ನು ಎಂದು ನಾನು ನೋಡಲಿಲ್ಲ. ಮಂಗಳವಾರ ಸಂಜೆ ಆರಕ್ಕೆ ಕೊನೆಯ ಮೀನು ಮುಗಿಯಿತು. ಸರ್ ಬೀರುವಿನಿಂದ ಹಳೆಯ ಶೀಟು ತೆಗೆದು ಹೊಸದರ ಪಕ್ಕದಲ್ಲಿಟ್ಟರು. ನಾನು ದೊಡ್ಡಬಾಯಿ ಎಂದು ಬರೆದ ಮರಿಗಳಲ್ಲಿ ಮೂರರಲ್ಲಿ ಒಂದು ಚುಕ್ಕೆಯಾಗಿತ್ತು. ಜಲಾಶಯದಲ್ಲಿ ಚುಕ್ಕೆ ಕಡಿಮೆ ಎನ್ನುವ ಮಾತು ನಿಲ್ಲುವಂತಿರಲಿಲ್ಲ. ದೊಡ್ಡ ಮೀನುಗಳಲ್ಲಿ ಅದು ಕಡಿಮೆ, ಮರಿಗಳಲ್ಲಿ ಏರುತ್ತಿದೆ ಎನ್ನುವುದು ನಿಜವಾಗಿತ್ತು.

"ನೀವು ಒಯ್ದವು ಸರ್?" ಎಂದು ಕೇಳಿದೆ.

"ಇಪ್ಪತ್ತು ನೋಡ್ದೆ. ಇಪ್ಪತ್ತೂ ಸರಿ ಇದೆ," ಎಂದು ಅವರು ಪೆಟ್ಟಿಗೆಗೆ ಕಾಗದ ತುಂಬತೊಡಗಿದರು. ದೋಣಿಯವನು ನನ್ನನ್ನು ಮನೆಯವರೆಗೆ ತನ್ನ ಟ್ರಕ್ಕಿನಲ್ಲಿ ಬಿಟ್ಟ. ಇಳಿಯುವಾಗ, "ಆ ಮೊಸಳೆ ಮಾತು ನಾನು ಆಡಬಾರದಿತ್ತು ಮ್ಯಾಮ್" ಎಂದ. ಆಡಿದ್ದು ಒಳ್ಳೆಯದಾಯಿತು ಎಂದು ಹೇಳುವಷ್ಟು ಇಂಗ್ಲಿಷು ನನಗೆ ಆ ಹೊತ್ತಿಗೆ ಕೂಡಿಬರಲಿಲ್ಲ. ತಲೆ ಆಡಿಸಿದೆ.

ಬುಧವಾರ, ಗುರುವಾರ ಲ್ಯಾಬಿಗೆ ಹೋಗಿ ತೊಟ್ಟಿಗಳನ್ನು ತೊಳೆದೆ, ಫ್ರೀಜರಿನ ತಟ್ಟೆಗಳಿಗೆ ಹೊಸ ಪಟ್ಟಿ ಅಂಟಿಸಿದೆ. ಇನ್ನೊಬ್ಬರು ಬಂದರೆ ಹುಡುಕಾಡಬಾರದು ಎಂದು ಯಾವುದು ಎಲ್ಲಿದೆ ಎಂಬುದನ್ನೆಲ್ಲ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಬರೆದಿಟ್ಟೆ.

ಶುಕ್ರವಾರ ಮಧ್ಯಾಹ್ನ ಸರ್ ಅಟ್ಲಾಂಟಾದಿಂದ ಬಂದರು. ಹಿಂದಿನ ಕೋಣೆಗೆ ತಾವೇ ಬಂದು ಸ್ಟೂಲಿನ ಮೇಲೆ ಕೂತರು. ಸಭೆಯಲ್ಲಿ ಅವರು ಎರಡೂ ಪಟ್ಟಿಗಳನ್ನು ತೋರಿಸಿದ್ದರು, ಮೊದಲ ಎಣಿಕೆ, ಎರಡನೇ ಎಣಿಕೆ. ಮೊದಲನೆಯದನ್ನು ಯಾಕೆ ತೋರಿಸುತ್ತೀರಿ ಎಂದು ಒಬ್ಬರು ಕೇಳಿದರಂತೆ.

"ಏನಂದ್ರಿ ಸರ್?"

"ಎರಡನ್ನೂ ಮಾಡಿದ್ದು ಒಬ್ಬರೇ, ತಪ್ಪು ಒಪ್ಪಿಕೊಂಡಿದ್ದೂ ಅವರೇ ಅಂದೆ. ಕೆಲವರಿಗೆ ಅದು ಹಿಡಿಸ್ತು. ಕೆಲವರಿಗೆ ಇಲ್ಲ. ಮುಂದಿನ ಜಲಾಶಯದ ಮೀನು ಬೇರೆ ಲ್ಯಾಬಿಗೆ ಕೊಡ್ತಾರೆ ಅನ್ಸತ್ತೆ."

ಅದು ನನ್ನಿಂದಾದ ನಷ್ಟ. ಅವರು ಹಾಗೆ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಸೋಮವಾರದಿಂದ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ನೇರವಾಗಿ ಕೇಳಿದೆ.

"ನನ್ನ ಕೆಲಸ ಸರ್?"

"ಈ ಜಲಾಶಯದ ಮೀನುಗಳ ವಯಸ್ಸು ನೋಡೋ ಕೆಲಸ ಬಾಕಿ ಇದೆ. ಜೂನ್‌ವರೆಗೆ ಬರತ್ತೆ. ಅದರಾಚೆ ನಾನು ಮಾತು ಕೊಡಲಾರೆ ಇವ್ರೇ."

"ಜೂನ್ ಸಾಕು ಸರ್," ಎಂದೆ.

ಸಂಜೆ ಸ್ನಾನ ಮುಗಿಸಿ ಮೈದುನನಿಗೆ ನಾನೇ ಫೋನು ಮಾಡಿದೆ. ಯಾವಾಗಲೂ ತಾನೇ ಮಾಡುತ್ತಿದ್ದವನು ಗಾಬರಿಯಾದ. "ಏನಿಲ್ಲಪ್ಪ. ಮಾರ್ಚ್‌ನಲ್ಲಿ ಟ್ರಕ್ ಬೇಡ. ಮಗು ಪರೀಕ್ಷೆ ಮುಗೀಲಿ, ಆಮೇಲೆ ಮಾತಾಡೋಣ" ಎಂದೆ. ಅವನು ಏನೇನೋ ಕೇಳಿದ. ನಾನು ಅದನ್ನೇ ಎರಡನೇ ಸಲ ಹೇಳಿದೆ.

ನಿಮ್ಮಮ್ಮ ಪುಸ್ತಕದಿಂದ ತಲೆ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳ ಕೋಣೆಯ ಗೋಡೆಯ ಮೇಲಿದ್ದ ಸ್ಕೂಲಿನ ಕ್ಯಾಲೆಂಡರಿನಲ್ಲಿ ಮಾರ್ಚ್, ಏಪ್ರಿಲ್, ಮೇ ಹಾಳೆಗಳ ತುಂಬ ಸ್ನೇಹಿತೆಯರ ಹೆಸರು, ಬ್ಯಾಂಡ್ ಪ್ರಾಕ್ಟೀಸು, ಯಾರದೋ ಹುಟ್ಟುಹಬ್ಬ ಎಂದು ಬರೆದಿತ್ತು. ಅಷ್ಟು ದಿನ ಅವಳು ಅವನ್ನು ಖಾಲಿ ಬಿಟ್ಟಿದ್ದಳು ಎನ್ನುವುದು ನನಗೆ ಆಗಲೇ ತಿಳಿದದ್ದು.